ಫಿಫಾ, ಒಲಿಂಪಿಕ್ಸ್ ರೂಲ್ಸ್ ಬದಲಾದಾಗ ಹಿಂದೆ ಯಾರ ಒತ್ತಡ ಇತ್ತು ಅಂತ ಕಂಡುಹಿಡಿಯೋದು ಹೇಗೆ

ಫಿಫಾ ಒಂದು ರೂಲ್ ಬದಲಾಯಿಸ್ತು, ಒಲಿಂಪಿಕ್ಸ್ ನಡೆಸೋ ಐಒಸಿ ಒಂದು ದೇಶನ ಹೊರಗಿಡ್ತು, ಲಕ್ಸೆಂಬರ್ಗ್‌ನಲ್ಲಿರೋ ಐರೋಪ್ಯ ಒಕ್ಕೂಟದ ಕೋರ್ಟು ಯೂರೋಪಿನ ಫುಟ್‌ಬಾಲ್ ಸಂಸ್ಥೆ ಯೂಫಾ ವಿರುದ್ಧ ತೀರ್ಪು ಕೊಡ್ತು. ಇಂಥ ಸುದ್ದಿ ಬಂದಾಗೆಲ್ಲ ಜನ ಎರಡು ಪಂಗಡ ಆಗ್ಬಿಡ್ತಾರೆ, ಒಬ್ರು ಎಲ್ಲಾ ದುಡ್ಡಿನ ಆಟ ಅಂತಾರೆ, ಇನ್ನೊಬ್ರು ನ್ಯಾಯ ಗೆದ್ದಿತು ಅಂತಾರೆ, ನಿಜವಾಗ್ಲೂ ಒಳಗೆ ಏನು ನಡೀತು ಅಂತ ನೋಡೋಕೆ ಇಬ್ರೂ ಹೋಗಲ್ಲ. ಆದ್ರೆ ನೋಡೋದು ಅಷ್ಟೇನೂ ಕಷ್ಟ ಅಲ್ಲ, ಕೆಲವು ಪ್ರಶ್ನೆಗಳನ್ನ ಒಂದಾದ ಮೇಲೊಂದು ಕೇಳ್ಕೊಂಡು ಹೋದ್ರೆ ಸಾಕು. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: ಮೌಲ್ಯದ ಮಾತು ಯೂರೋಪು, ಆಫ್ರಿಕಾ, ಗಲ್ಫ್ ಥರ ದೇಶಗಳ ಎಲ್ಲಾ ಬಣಗಳೂ ಆಡ್ತವೆ, ಆದ್ರೆ ಆ ಮಾತು ನಡೆಯೋದು ಫಿಫಾದಂಥ ಕ್ರೀಡಾ ಫೆಡರೇಶನ್‌ಗೆ ಬಿಟ್ಟಿರೋಕೆ ಆಗದೇ ಇರೋ ಏನಾದ್ರೂ ಒಂದು ಆ ಬಣದ ಕೈಯಲ್ಲಿ ಇದ್ದಾಗ ಮಾತ್ರ. ಅದು ಮಾರ್ಕೆಟ್ ಆಗಿರ್ಬಹುದು, ಬ್ಯಾಂಕ್ ವ್ಯವಸ್ಥೆ ಆಗಿರ್ಬಹುದು, ಮೈದಾನಕ್ಕಿಳಿಯೋ ತಂಡಗಳೇ ಆಗಿರ್ಬಹುದು.

ಓಟು ಯಾರ ಹತ್ರ ಇದೆ

ಮೊದಲು ನೋಡ್ಬೇಕಾದ್ದು ಆ ಸಂಸ್ಥೆಯಲ್ಲಿ ತೀರ್ಮಾನ ಯಾರ ಓಟಿಂದ ಆಗುತ್ತೆ ಅನ್ನೋದು. ಫಿಫಾದಲ್ಲಿ 211 ಸದಸ್ಯ ಸಂಘಗಳಿವೆ, ಬ್ರೆಜಿಲ್‌ಗೂ ಒಂದೇ ಓಟು, ಕೆಲವೇ ಸಾವಿರ ಜನ ಇರೋ ದ್ವೀಪಕ್ಕೂ ಒಂದೇ ಓಟು. ಯೂರೋಪಿಗೆ 55, ಆಫ್ರಿಕಾಕ್ಕೆ 54. ಅಂದ್ರೆ ಯೂರೋಪಿನವರೆಲ್ಲ ಒಟ್ಟಾಗಿ ನಿಂತ್ರೂ ಫಿಫಾ ಕಾಂಗ್ರೆಸ್‌ನಲ್ಲಿ ಒಬ್ರೇ ಗೆಲ್ಲೋಕಾಗಲ್ಲ, ಇನ್ನು 27 ದೇಶಗಳ ಐರೋಪ್ಯ ಒಕ್ಕೂಟ, ಅದೇ ಇಯು, ಅದಕ್ಕಂತೂ ಅಲ್ಲಿ ಕುರ್ಚಿನೇ ಇಲ್ಲ.

ಓಟಿನ ಬಲ ಏನು ಅಂತ ಚೆನ್ನಾಗಿ ತೋರಿಸಿದ್ದು ಆಫ್ರಿಕಾ. 1966ರ ವಿಶ್ವಕಪ್‌ಗೆ ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮೂರಕ್ಕೂ ಸೇರಿ ಒಂದೇ ಒಂದು ಜಾಗ ಇಟ್ಟಿದ್ರು, ಘಾನಾ ಮುಂದೆ ನಿಂತು ಆಫ್ರಿಕಾದ ತಂಡಗಳೆಲ್ಲ ಅರ್ಹತಾ ಸುತ್ತಿಂದಲೇ ಹೊರಬಂದ್ವು, 1970ರ ಹೊತ್ತಿಗೆ ಖಂಡಕ್ಕೊಂದು ಖಾತ್ರಿ ಜಾಗ ಸಿಕ್ಕಿ ಮೊರಾಕೊ ಮೆಕ್ಸಿಕೋಗೆ ಹೋಯ್ತು. 1974ರಲ್ಲಿ ಫಿಫಾ ಅಧ್ಯಕ್ಷರ ಚುನಾವಣೆಯಲ್ಲಿ ಬ್ರೆಜಿಲ್‌ನ ಜೊವಾವೊ ಹ್ಯಾವೆಲಾಂಜ್ ಇಂಗ್ಲೆಂಡಿನ ಸ್ಟಾನ್ಲಿ ರೌಸ್‌ನ ಸೋಲಿಸಿದ್ರು, ಆಫ್ರಿಕಾ ಓಟು ಅದರಲ್ಲಿ ನಿರ್ಣಾಯಕ ಆಯ್ತು, ಯಾಕಂದ್ರೆ ರೌಸ್ ವರ್ಣಭೇದದ ದಕ್ಷಿಣ ಆಫ್ರಿಕಾ ಪರ ಮೆತ್ತಗಿದ್ರು ಅನ್ನೋ ಸಿಟ್ಟು ಅವರಿಗಿತ್ತು. 2026ರ ವಿಶ್ವಕಪ್‌ನಲ್ಲಿ ಆಫ್ರಿಕಾಕ್ಕೆ ನೇರವಾಗಿ 9 ಜಾಗ. ಇದನ್ನ ಫಿಫಾ ದಯೆ ಅಂತ ಯಾರಾದ್ರೂ ಹೇಳಿದ್ರೆ ಒಪ್ಪಬೇಡಿ, ಇದು ಹೋರಾಡಿ ತಗೊಂಡಿದ್ದು.

ಓಟು ಇಲ್ಲದವರ ಕೈಯಲ್ಲಿ ಏನಿದೆ

ಮುಖ್ಯವಾದ ಪ್ರಶ್ನೆ ಇದೇ, ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ಇಯುಗೆ ಫಿಫಾದಲ್ಲಿ ಓಟಿಲ್ಲ, ಆದ್ರೆ ಫುಟ್‌ಬಾಲ್‌ನ ದೊಡ್ಡ ಲೀಗ್‌ಗಳು, ಟಿವಿ ಹಕ್ಕಿನ ದುಡ್ಡು, ಆಟಗಾರರ ಸಂಬಳ ಇದರಲ್ಲಿ ದೊಡ್ಡ ಪಾಲು ಅದರ ಗಡಿ ಒಳಗೆ ಇದೆ. ಗಡಿ ಒಳಗೆ ವ್ಯಾಪಾರ ಮಾಡೋರು ಅಲ್ಲಿನ ಕಾನೂನಿಗೆ ತಲೆಬಾಗ್ಲೇಬೇಕು, ಸಂಸ್ಥೆಯ ಆಫೀಸು ಜೂರಿಕ್‌ನಲ್ಲಿರಲಿ, ಲೊಸಾನ್‌ನಲ್ಲಿರಲಿ. ಸ್ವಿಟ್ಜರ್ಲೆಂಡ್ ಇಯು ಸದಸ್ಯ ದೇಶ ಅಲ್ಲ ಅನ್ನೋದು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

1974ರಲ್ಲೇ ಸೈಕಲ್ ರೇಸ್‌ನ ಇಬ್ರು ಡಚ್ ಪೇಸ್‌ಮೇಕರ್‌ಗಳ (ಸೈಕಲ್ ಮುಂದೆ ಮೋಟಾರ್‌ಸೈಕಲ್ ಓಡಿಸಿ ವೇಗ ಕೊಡೋರು) ಕೇಸಲ್ಲಿ ಯೂರೋಪಿನ ಕೋರ್ಟು ಒಂದು ಬಾಗಿಲು ತೆಗೀತು, ಕ್ರೀಡೆ ಆರ್ಥಿಕ ಚಟುವಟಿಕೆ ಆಗಿರೋ ಮಟ್ಟಿಗೆ ನಮ್ಮ ಕಾನೂನು ಅದಕ್ಕೂ ಅನ್ವಯ ಆಗುತ್ತೆ ಅಂತ. ಇಪ್ಪತ್ತು ವರ್ಷ ಅದರ ಬಿಸಿ ಯಾರಿಗೂ ಅಷ್ಟಾಗಿ ತಟ್ಟಲಿಲ್ಲ. ಆಮೇಲೆ ಬಂದಿದ್ದು ಬೋಸ್ಮನ್. ಬೆಲ್ಜಿಯಂನ ಒಬ್ಬ ಸಾಧಾರಣ ಫುಟ್‌ಬಾಲ್ ಆಟಗಾರ, 1990ರಲ್ಲಿ ಲಿಯೇಜ್ ಕ್ಲಬ್ ಜೊತೆ ಕಾಂಟ್ರ್ಯಾಕ್ಟ್ ಮುಗಿದಿತ್ತು, ಫ್ರಾನ್ಸ್‌ನ ಡಂಕರ್ಕ್ ಕ್ಲಬ್‌ಗೆ ಹೋಗ್ಬೇಕು ಅಂತಿದ್ರು, ಕಾಂಟ್ರ್ಯಾಕ್ಟ್ ಮುಗಿದ್ರೂ ಟ್ರಾನ್ಸ್‌ಫರ್ ದುಡ್ಡು ಕೇಳೋ ಪದ್ಧತಿ ಅಡ್ಡ ಬಂತು, ಐದು ವರ್ಷ ಕೋರ್ಟು ಅಲೆದ್ರು. 1995ರ ಡಿಸೆಂಬರ್ 15ರಂದು ತೀರ್ಪು ಬಂತು: ಕಾಂಟ್ರ್ಯಾಕ್ಟ್ ಮುಗಿದ ಆಟಗಾರ ಇಯು ಒಳಗೆ ಬೇರೆ ದೇಶದ ಕ್ಲಬ್‌ಗೆ ಹೋಗುವಾಗ ದುಡ್ಡು ಕೇಳೋ ಹಾಗಿಲ್ಲ, ಇಯು ದೇಶದ ಆಟಗಾರರನ್ನ ವಿದೇಶಿ ಅಂತ ಎಣಿಸಿ ಮಿತಿ ಹಾಕೋ ಹಾಗೂ ಇಲ್ಲ. ಕಾರ್ಮಿಕರು ಸ್ವತಂತ್ರವಾಗಿ ಓಡಾಡ್ಬೇಕು ಅನ್ನೋ ಮೌಲ್ಯ, ಅದನ್ನ ಜಾರಿ ಮಾಡೋ ಮಾರ್ಕೆಟ್ ಬಲ, ಎರಡೂ ಒಂದೇ ಕೈಯಲ್ಲಿ ಇದ್ದಿದ್ದಕ್ಕೆ ಇದು ನಡೀತು. 2001ರಲ್ಲಿ ಫಿಫಾ ಇಯುನ ಆಡಳಿತ ನಡೆಸೋ ಐರೋಪ್ಯ ಆಯೋಗದ ಜೊತೆ ಕೂತು ತನ್ನ ಇಡೀ ಟ್ರಾನ್ಸ್‌ಫರ್ ವ್ಯವಸ್ಥೆನೇ ತಿದ್ದಿ ಬರೀಬೇಕಾಯ್ತು, ಇವತ್ತು ಇಡೀ ಪ್ರಪಂಚದ ಕ್ಲಬ್‌ಗಳು ಪಾಲಿಸ್ತಿರೋ ಟ್ರಾನ್ಸ್‌ಫರ್ ನಿಯಮದ ಬುನಾದಿ ಆಗ ಹಾಕಿದ್ದು. ಒಂದು ಬಣದ ಒಳಗಿನ ಕಾನೂನು ಹೀಗೇ ಜಗತ್ತಿನ ರೂಲ್ ಆಗೋದು, ಯಾಕಂದ್ರೆ ಯೂರೋಪಿಗೆ ಒಂದು, ಉಳಿದವರಿಗೆ ಇನ್ನೊಂದು ಅಂತ ಎರಡೆರಡು ರೂಲ್‌ಬುಕ್ ಇಟ್ಕೊಂಡು ನಡೆಸೋದು ಫೆಡರೇಶನ್‌ಗೆ ತಲೆನೋವು.

ಅಮೆರಿಕದ ದಾರಿನೇ ಬೇರೆ. ಅದು ಬಣ ಅಲ್ಲ, ಒಂದು ದೇಶ, ಆದ್ರೆ ಹೋಲಿಸಿ ನೋಡೋಕೆ ಬೇಕು. 2015ರ ಮೇ 27ರ ಬೆಳಗ್ಗೆ ಜೂರಿಕ್‌ನ ಹೋಟೆಲಲ್ಲಿ ಫಿಫಾಗೆ ಸಂಬಂಧಪಟ್ಟವರನ್ನ ಸ್ವಿಸ್ ಪೊಲೀಸರು ಹಿಡಿದ್ರಲ್ಲ, ಅದು ಅಮೆರಿಕ ನ್ಯಾಯ ಇಲಾಖೆ ಕೋರಿಕೆ ಮೇಲೆ, ಲಂಚದ ದುಡ್ಡು ಅಮೆರಿಕದ ಬ್ಯಾಂಕ್‌ಗಳ ಮೂಲಕ ಓಡಾಡಿತ್ತು ಅನ್ನೋದೇ ಅವರ ಹಿಡಿತ. ಎರಡು ದಿನ ಬಿಟ್ಟು ಸೆಪ್ ಬ್ಲಾಟರ್ ಮತ್ತೆ ಫಿಫಾ ಅಧ್ಯಕ್ಷರಾಗಿ ಆರಿಸಿ ಬಂದ್ರು, ಜೂನ್ 2ಕ್ಕೆ ಕೆಳಗಿಳಿತೀನಿ ಅಂದ್ರು. ಓಟು ಅವರ ಪರ ಇತ್ತು, ಆದ್ರೂ ಉಳೀಲಿಲ್ಲ. ಟಿವಿ ದುಡ್ಡಿಂದೂ ಅದೇ ಕಥೆ, ಅಮೆರಿಕದ ಟಿವಿ ಕಂಪನಿ ಎನ್‌ಬಿಸಿ 2014ರಲ್ಲಿ 2032ರವರೆಗಿನ ಒಲಿಂಪಿಕ್ಸ್‌ಗೆ ಸುಮಾರು 765 ಕೋಟಿ ಡಾಲರ್ ಒಪ್ಪಂದ ಮಾಡ್ಕೊಂಡಿತ್ತು, 2008ರ ಬೀಜಿಂಗ್‌ನಲ್ಲಿ ಈಜಿನ ಫೈನಲ್‌ಗಳು ಬೆಳಗ್ಗೆ ಹೊತ್ತು ನಡೆದಿದ್ದು ಅಮೆರಿಕದ ಸಂಜೆ ಪ್ರೇಕ್ಷಕರಿಗೆ ಅಂತ. ಈಜುಗಾರರು ಜೀವನಪೂರ್ತಿ ಸಂಜೆ ಫೈನಲ್‌ಗೆ ಮೈ ಹದ ಮಾಡ್ಕೊಂಡಿರ್ತಾರೆ, ಅದನ್ನ ಯಾರೂ ಲೆಕ್ಕಕ್ಕಿಡಲಿಲ್ಲ. ಕ್ರಿಕೆಟ್‌ನಲ್ಲಿ ಭಾರತ ಮಾಡ್ತಿರೋದೂ ಇದೇ ಜಾತಿಗೆ ಸೇರುತ್ತೆ, 2024ರಿಂದ 27ರ ಐಸಿಸಿ ಆದಾಯದಲ್ಲಿ 38.5 ಪರ್ಸೆಂಟ್ ಬಿಸಿಸಿಐಗೆ, ಪ್ರೇಕ್ಷಕರು ಅಲ್ಲೇ ಜಾಸ್ತಿ ಇರೋದ್ರಿಂದ ಬೇರೆ ಬೋರ್ಡ್‌ಗಳು ಇಲ್ಲ ಅನ್ನೋಕಾಗಲಿಲ್ಲ. ಇಲ್ಲಿ ಮೌಲ್ಯದ ಮಾತೇ ಬರಲ್ಲ, ಬರೀ ಮಾರ್ಕೆಟ್.

ಗಲ್ಫ್ ದೇಶಗಳ ಕೈಯಲ್ಲಿರೋದು ಬಂಡವಾಳ, ಜೊತೆಗೆ ದೊಡ್ಡ ಟೂರ್ನಿ ನಡೆಸಿಕೊಡೋ ತಾಕತ್ತು. 2022ರಲ್ಲಿ ಸೌದಿ ದುಡ್ಡಿಂದ ಲಿವ್ ಗಾಲ್ಫ್ ಅನ್ನೋ ಹೊಸ ಲೀಗ್ ಶುರುವಾಯ್ತು, ಮಾರನೇ ವರ್ಷ ಜೂನ್‌ನಲ್ಲಿ ಅಮೆರಿಕದ ದೊಡ್ಡ ಗಾಲ್ಫ್ ಸಂಸ್ಥೆ ಪಿಜಿಎ ಟೂರ್ ಅದೇ ಸೌದಿ ನಿಧಿ ಜೊತೆ ಕೈ ಜೋಡಿಸೋ ಒಪ್ಪಂದ ಘೋಷಿಸ್ತು. 2034ರ ವಿಶ್ವಕಪ್ ಸೌದಿಗೆ ಅಂತ 2024ರ ಡಿಸೆಂಬರ್‌ನಲ್ಲಿ ತೀರ್ಮಾನ ಆದಾಗ ಎದುರಿಗೆ ಬೇರೆ ಅಭ್ಯರ್ಥಿನೇ ಇರಲಿಲ್ಲ.

ಆಡಲ್ಲ ಅನ್ನೋ ಅಸ್ತ್ರ

ದುಡ್ಡೂ ಇಲ್ಲ, ಕೋರ್ಟೂ ಇಲ್ಲ ಅನ್ನೋ ಬಣಗಳಿಗೆ ಉಳಿಯೋದು ಇದೊಂದೇ, ಆದ್ರೆ ಇದನ್ನ ಪ್ರಯೋಗಿಸಿದೋರಿಗೂ ಪೆಟ್ಟು ಬೀಳುತ್ತೆ. 1976ರಲ್ಲಿ ನ್ಯೂಜಿಲೆಂಡ್ ರಗ್ಬಿ ತಂಡ ದಕ್ಷಿಣ ಆಫ್ರಿಕಾ ಪ್ರವಾಸ ಮಾಡ್ತು ಅಂತ 20ಕ್ಕೂ ಹೆಚ್ಚು ದೇಶಗಳು, ಬಹುತೇಕ ಆಫ್ರಿಕಾದವು, ಮಾಂಟ್ರಿಯಲ್ ಒಲಿಂಪಿಕ್ಸ್ ಬಿಟ್ಟು ನಡೆದ್ವು. 1500 ಮೀಟರ್ ವಿಶ್ವದಾಖಲೆ ಆಗ ಟಾಂಜಾನಿಯಾದ ಫಿಲ್ಬರ್ಟ್ ಬಾಯಿ ಹೆಸರಲ್ಲಿತ್ತು, ಅವರು ಓಡಲಿಲ್ಲ, ಚಿನ್ನ ಗೆದ್ದಿದ್ದು ನ್ಯೂಜಿಲೆಂಡಿನ ಜಾನ್ ವಾಕರ್. ಬೆಲೆ ಕೊಟ್ಟಿದ್ದು ಓಟಗಾರರು. ಆದ್ರೆ ಮಾರನೇ ವರ್ಷವೇ ಕಾಮನ್‌ವೆಲ್ತ್ ದೇಶಗಳು ಗ್ಲೆನೀಗಲ್ಸ್ ಒಪ್ಪಂದ ಮಾಡ್ಕೊಂಡು ದಕ್ಷಿಣ ಆಫ್ರಿಕಾ ಜೊತೆ ಕ್ರೀಡಾ ಸಂಬಂಧ ಬೇಡ ಅಂತ ಒಪ್ಪಿಕೊಂಡ್ವು. ಅದಕ್ಕೂ ಮೊದಲು 1974ರಲ್ಲಿ ಭಾರತ ಡೇವಿಸ್ ಕಪ್ ಫೈನಲ್‌ಗೆ ಹೋಗಿ, ಎದುರಾಳಿ ದಕ್ಷಿಣ ಆಫ್ರಿಕಾ ಅಂತ ಆಡದೇ ಕಪ್ ಬಿಟ್ಟುಕೊಡ್ತು. ಇವತ್ತಿಗೂ ನನಗೆ ಇದು ಭಾರತದ ಕ್ರೀಡಾ ಇತಿಹಾಸದ ದೊಡ್ಡ ತೀರ್ಮಾನಗಳಲ್ಲಿ ಒಂದು ಅನ್ಸುತ್ತೆ.

ಇತ್ತೀಚಿನ ಉದಾಹರಣೆ 2022. ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿದಾಗ ಫಿಫಾ ಫೆಬ್ರವರಿ 27ಕ್ಕೆ ಹೇಳಿದ್ದು, ರಷ್ಯಾ ಧ್ವಜ, ರಾಷ್ಟ್ರಗೀತೆ ಇಲ್ಲದೆ ಬೇರೆ ದೇಶದ ಮೈದಾನದಲ್ಲಿ ಆಡಲಿ ಅಂತ. ವಿಶ್ವಕಪ್ ಪ್ಲೇಆಫ್‌ನಲ್ಲಿ ಅವರ ಎದುರು ಬರ್ಬೇಕಿದ್ದ ಪೋಲೆಂಡ್, ಸ್ವೀಡನ್, ಜೆಕ್ ಮೂರೂ ಸಂಘಗಳು ಯಾವ ಹೆಸರಲ್ಲಿ ಬಂದ್ರೂ ಆಡಲ್ಲ ಅಂದ್ಬಿಟ್ವು. ಮಾರನೇ ದಿನ ಫಿಫಾ, ಯೂಫಾ ಎರಡೂ ರಷ್ಯಾನ ಸಸ್ಪೆಂಡ್ ಮಾಡಿದ್ವು, ಯೂಫಾ ಅದೇ ದಿನ ರಷ್ಯಾದ ಗ್ಯಾಸ್ ಕಂಪನಿ ಗಾಜ್‌ಪ್ರೋಮ್ ಸ್ಪಾನ್ಸರ್‌ಶಿಪ್ ಮುಗಿಸ್ತು. ಒಂದೇ ದಿನದಲ್ಲಿ ನಿಲುವು ಬದಲಾಯ್ತು ಅಂದ್ರೆ ಅದು ಆತ್ಮಸಾಕ್ಷಿ ಒಂದರಿಂದಲೇ ಅಲ್ಲ, ಪಂದ್ಯಗಳೇ ನಡೆಯಲ್ಲ ಅನ್ನೋ ಸ್ಥಿತಿ ಬಂದಿತ್ತು.

ಮೌಲ್ಯಕ್ಕೆ ಬೆಲೆ ಕೊಡೋಕೆ ರೆಡಿ ಇದ್ದಾರಾ

ಯಾವ ಬಣನೇ ಆಗ್ಲಿ ಮಾನವ ಹಕ್ಕು, ಶುದ್ಧ ಕ್ರೀಡೆ, ಸಮಾನತೆ ಅಂತ ಮಾತಾಡಿದ ಕೂಡ್ಲೇ ಮೂರು ವಿಷಯ ಪರೀಕ್ಷೆ ಮಾಡಿ: ಇದರಿಂದ ಅವರಿಗೇ ಏನಾದ್ರೂ ನಷ್ಟ ಇದೆಯಾ, ತಮ್ಮವರಿಗೆ ವಿನಾಯಿತಿ ಇಟ್ಕೊಂಡಿದ್ದಾರಾ, ಅದೇ ಮೌಲ್ಯ ಬೇರೆ ಕಡೆಗೂ ಅನ್ವಯ ಮಾಡ್ತಾರಾ.

2022ರ ಕತಾರ್ ವಿಶ್ವಕಪ್‌ನಲ್ಲಿ ಏಳು ಯೂರೋಪಿಯನ್ ಸಂಘಗಳು ನಮ್ಮ ಕ್ಯಾಪ್ಟನ್‌ಗಳು ತಾರತಮ್ಯ ಬೇಡ ಅನ್ನೋ ಒನ್‌ಲವ್ ತೋಳುಪಟ್ಟಿ ಹಾಕ್ತಾರೆ ಅಂತ ತಿಂಗಳುಗಟ್ಟಲೆ ಹೇಳಿದ್ವು. ಹಾಕಿದ್ರೆ ಹಳದಿ ಕಾರ್ಡ್ ಕೊಡ್ತೀವಿ ಅಂತ ಫಿಫಾ ಎಚ್ಚರಿಸಿದ ತಕ್ಷಣ ನವೆಂಬರ್ 21ಕ್ಕೆ ಏಳೂ ಹಿಂದೆ ಸರಿದ್ವು. ಒಂದು ಹಳದಿ ಕಾರ್ಡ್ ಬೆಲೆಗೂ ಆ ಮೌಲ್ಯ ನಿಲ್ಲಲಿಲ್ಲ. ಇದರ ಪಕ್ಕದಲ್ಲೇ ಇನ್ನೊಂದು ಇಟ್ಟು ನೋಡಿ: ಕತಾರ್‌ನ ವಲಸೆ ಕಾರ್ಮಿಕರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯಲ್ಲಿ 2014ರಲ್ಲಿ ದೂರು ದಾಖಲಾಯ್ತು, 2017ರಲ್ಲಿ ಕತಾರ್ ಸುಧಾರಣೆ ಒಪ್ಪಿಕೊಂಡ ಮೇಲೆ ಮುಕ್ತಾಯ ಆಯ್ತು, 2018ರಲ್ಲಿ ದೋಹಾದಲ್ಲಿ ಆ ಸಂಘಟನೆಯ ಕಚೇರಿ ತೆರೀತು, 2020ರಲ್ಲಿ ಮಾಲೀಕನ ಅನುಮತಿ ಇಲ್ಲದೆ ಕೆಲಸ ಬದಲಾಯಿಸ್ಬಹುದು ಅಂತ ಕಾನೂನು ಬಂತು. ಜಾರಿ ಪೂರ್ತಿ ಆಗಿಲ್ಲ ಅನ್ನೋ ದೂರು ಆಮೇಲೂ ಇತ್ತು, ಆದ್ರೆ ಕಾಗದದ ಮೇಲೆ ಗಟ್ಟಿಯಾಗಿ ಬದಲಾಗಿದ್ದು ಈ ದಾರಿಯಲ್ಲಿ. ಟಿವಿಯಲ್ಲಿ ಬಂದಿದ್ದು ಮಾತ್ರ ತೋಳುಪಟ್ಟಿ. ಸುದ್ದಿ ನೋಡುವಾಗ ಸದ್ದು ಮಾಡೋ ಕಡೆ ಅಲ್ಲ, ದೂರು ದಾಖಲಾಗಿರೋ ಕಡೆ ಕಣ್ಣಿಡಿ.

ವಿನಾಯಿತಿಗೆ ಉದಾಹರಣೆ ಅಮೆರಿಕದ ರಾಡ್ಚೆಂಕೋವ್ ಕಾಯ್ದೆ, 2020ರ ಡಿಸೆಂಬರ್‌ನಲ್ಲಿ ಬಂದಿದ್ದು. ಅಂತರರಾಷ್ಟ್ರೀಯ ಕೂಟಗಳಲ್ಲಿ ಡೋಪಿಂಗ್ ಜಾಲ ನಡೆಸಿದೋರ ಮೇಲೆ ಅವರು ಯಾವ ದೇಶದವರಾದ್ರೂ ಅಮೆರಿಕದಲ್ಲಿ ಕ್ರಿಮಿನಲ್ ಕೇಸ್ ಹಾಕ್ಬಹುದು, ಉದ್ದೇಶ ಒಳ್ಳೇದೇ. ಆದ್ರೆ ಅವರದೇ ದೊಡ್ಡ ಪ್ರೊಫೆಷನಲ್ ಲೀಗ್‌ಗಳು, ಕಾಲೇಜು ಕ್ರೀಡೆ ಅದರ ವ್ಯಾಪ್ತಿಗೆ ಬರಲ್ಲ. ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾಗೆ ಅರ್ಧ ದುಡ್ಡು ಸರ್ಕಾರಗಳಿಂದ, ಇನ್ನರ್ಧ ಒಲಿಂಪಿಕ್ ಕಡೆಯಿಂದ ಬರುತ್ತೆ, ಚೀನಾದ 23 ಈಜುಗಾರರ ಡೋಪಿಂಗ್ ಕೇಸ್ 2024ರಲ್ಲಿ ಹೊರಬಂದ ಮೇಲೆ ಅಮೆರಿಕ ತನ್ನ ಆ ವರ್ಷದ ಸುಮಾರು 36 ಲಕ್ಷ ಡಾಲರ್ ಚಂದಾ ತಡೆಹಿಡೀತು. ಕೇಳಿದ ಪ್ರಶ್ನೆ ನ್ಯಾಯವಾದದ್ದೇ, ಆದ್ರೆ ಮನೆಯೊಳಗಿನ ವಿನಾಯಿತಿ ಗೊತ್ತಿರೋರು ಆ ಮಾತನ್ನ ಪೂರ್ತಿ ನಂಬೋಕೆ ಹಿಂಜರೀತಾರೆ, ಅದರಿಂದ ಮಾತಿನ ತೂಕ ಕಮ್ಮಿ ಆಗುತ್ತೆ.

ಮೂರನೇದು ರಷ್ಯಾ ವಿಷಯದಲ್ಲಿ ಕಾಣುತ್ತೆ. ಯೂರೋಪು ಒಗ್ಗಟ್ಟಾಗಿ ನಿಂತ ಕಡೆ ಬ್ಯಾನ್ ನಿಂತಿತು, ಆದ್ರೆ ಬೇರೆ ಯುದ್ಧಗಳಿಗೆ ಈ ಅಳತೆ ಯಾಕಿಲ್ಲ ಅನ್ನೋ ಪ್ರಶ್ನೆ ಏಷ್ಯಾ, ಆಫ್ರಿಕಾ ಕಡೆಯಿಂದ ಬರ್ತಾನೇ ಇದೆ, ಅದಕ್ಕೆ ಸರಿಯಾದ ಉತ್ತರ ಸಿಕ್ಕಿಲ್ಲ. ಒಂದು ದೇಶ ಒಂದು ಓಟು ನಡೆಯೋ ಕಡೆ ಏನಾಗುತ್ತೆ ಅಂತ 2025ರ ಸೆಪ್ಟೆಂಬರ್‌ನಲ್ಲಿ ಸೋಲ್‌ನಲ್ಲಿ ಗೊತ್ತಾಯ್ತು, ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯ ಸದಸ್ಯರು ಓಟು ಹಾಕಿ ರಷ್ಯಾ, ಬೆಲಾರೂಸ್‌ಗೆ ಪೂರ್ತಿ ಸದಸ್ಯತ್ವ ವಾಪಸ್ ಕೊಟ್ರು. ಅಳತೆಕೋಲು ಎಲ್ಲರಿಗೂ ಒಂದೇ ಇಲ್ಲದಿದ್ರೆ ಓಟು ಕೇಳೋಕೆ ಹೋದಾಗ ಜೊತೆಗೆ ಯಾರೂ ಬರಲ್ಲ. ಮೌಲ್ಯ ಬರೀ ಅಲಂಕಾರ ಅಂತ ನಾನು ಹೇಳದೇ ಇರೋದು ಇದಕ್ಕೇ.

ಬಣ ಅಂದ್ರೆ ಒಂದೇ ಬಾಯಿ ಅಲ್ಲ

ಯೂರೋಪು ಹೀಗಂತು ಅಂತ ಹೆಡ್‌ಲೈನ್ ಕಂಡ್ರೆ ಯೂರೋಪಿನ ಯಾರು ಅಂತ ಕೇಳಿ. ಆಯೋಗನಾ, ಸಂಸತ್ತಾ, ಸದಸ್ಯ ದೇಶಗಳ ಮಂತ್ರಿಗಳಾ, ಲಕ್ಸೆಂಬರ್ಗ್ ಕೋರ್ಟಾ, ಇಲ್ಲಾ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ಕೋರ್ಟಾ. ಕೊನೇದು ಇಯುಗೆ ಸೇರಿದ್ದೇ ಅಲ್ಲ, ಕೌನ್ಸಿಲ್ ಆಫ್ ಯೂರೋಪ್ ಅನ್ನೋ ಬೇರೆ ಸಂಸ್ಥೆದು, ಸ್ವಿಟ್ಜರ್ಲೆಂಡ್ ಕೂಡ ಅದರ ಸದಸ್ಯ. ಅದಕ್ಕೇ ದಕ್ಷಿಣ ಆಫ್ರಿಕಾದ ಓಟಗಾರ್ತಿ ಕ್ಯಾಸ್ಟರ್ ಸೆಮೆನ್ಯಾ ಕೇಸಲ್ಲಿ 2025ರ ಜುಲೈನಲ್ಲಿ, ಅವರಿಗೆ ಸ್ವಿಟ್ಜರ್ಲೆಂಡ್‌ನಲ್ಲಿ ನ್ಯಾಯಯುತ ವಿಚಾರಣೆ ಸಿಕ್ಕಿಲ್ಲ ಅಂತ ಆ ಕೋರ್ಟು ಹೇಳೋಕಾಯ್ತು.

ಸೂಪರ್ ಲೀಗ್ ಕೇಸ್ ನೋಡಿದ್ರೆ ಇದು ಚೆನ್ನಾಗಿ ಅರ್ಥ ಆಗುತ್ತೆ. 2021ರ ಏಪ್ರಿಲ್‌ನಲ್ಲಿ 12 ಶ್ರೀಮಂತ ಕ್ಲಬ್‌ಗಳು ಬೇರೆ ಲೀಗ್ ಮಾಡ್ತೀವಿ ಅಂದ್ವು, ಅಭಿಮಾನಿಗಳ ಸಿಟ್ಟಿಗೆ ಕೆಲವೇ ದಿನಕ್ಕೆ ಕುಸೀತು. ಸರ್ಕಾರಗಳು, ಐರೋಪ್ಯ ಸಂಸತ್ತು ಎಲ್ಲ ಯೂಫಾ ಪರ, ಗೆದ್ದವರು ಮೇಲೆ ಬರಬೇಕು, ಮೇಲಿನ ದುಡ್ಡು ಕೆಳಗಿನ ಹಂತಕ್ಕೂ ಹೋಗ್ಬೇಕು, ಅದೇ ನಮ್ಮ ಯೂರೋಪಿನ ಕ್ರೀಡಾ ಮಾದರಿ ಅಂತ. ಆದ್ರೆ 2023ರ ಡಿಸೆಂಬರ್ 21ಕ್ಕೆ ಕೋರ್ಟು ನೋಡಿದ್ದು ಮಾರ್ಕೆಟ್ ಕಾನೂನಿನ ಕಣ್ಣಲ್ಲಿ: ಹೊಸ ಟೂರ್ನಿಗೆ ಪರವಾನಗಿ ಕೊಡೋ ಅಧಿಕಾರ ಇಟ್ಕೊಂಡೋರೇ ಸ್ವಂತ ಟೂರ್ನಿಗಳನ್ನೂ ನಡೆಸ್ತಾ ಇರೋವಾಗ, ಪಾರದರ್ಶಕ ಮಾನದಂಡ ಇಲ್ಲದೆ ಬೇರೆಯವರನ್ನ ತಡೆಯೋದು ತಪ್ಪು. ಸೂಪರ್ ಲೀಗ್‌ಗೆ ಒಪ್ಪಿಗೆ ಕೊಡ್ಲೇಬೇಕು ಅಂತ ಮಾತ್ರ ಹೇಳಲಿಲ್ಲ, ಬಹಳ ಜನ ಇದನ್ನ ತಪ್ಪಾಗಿ ಓದಿದ್ರು. ಅದೇ ದಿನ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ವಿರುದ್ಧವೂ ತೀರ್ಪು ಬಂತು, ಅನುಮತಿ ಇಲ್ಲದ ರೇಸ್‌ಗೆ ಹೋದ್ರೆ ಆಜೀವ ಬ್ಯಾನ್‌ವರೆಗೂ ಹೆದರಿಸ್ತಿದ್ದ ರೂಲ್ ಅದು, ಹೋರಾಡಿದ್ದು ಇಬ್ರು ಡಚ್ ಸ್ಕೇಟರ್‌ಗಳು.

ಫೆಡರೇಶನ್ ತಿರುಗಿ ಏನು ಮಾಡ್ತು

ತೀರ್ಪು ಬಂದ ದಿನಕ್ಕೆ ಓದು ನಿಲ್ಲಿಸಬೇಡಿ. ಸಂಸ್ಥೆಗಳು ಸಾಮಾನ್ಯವಾಗಿ ರೂಲ್‌ನ ಸ್ವಲ್ಪವೇ ತಿದ್ದಿ ಹಿಡಿತ ಉಳಿಸ್ಕೊಳ್ತವೆ. ಸೂಪರ್ ಲೀಗ್ ತೀರ್ಪು ಬರೋ ಮೊದಲೇ 2022ರಲ್ಲಿ ಯೂಫಾ ಪರವಾನಗಿಗೆ ಹೊಸ ನಿಯಮ ಬರೆದಿಟ್ಟಿತ್ತು, ಹಾಗಾಗಿ ಹಳೇ ರೂಲ್ ಬಗ್ಗೆ ಬಂದ ತೀರ್ಪು ನಮಗೆ ಅನ್ವಯ ಆಗಲ್ಲ ಅನ್ನೋಕೆ ಜಾಗ ಸಿಕ್ತು. 2024ರ ಅಕ್ಟೋಬರ್ 4ರಂದು ಫ್ರಾನ್ಸ್‌ನ ಫುಟ್‌ಬಾಲ್ ಆಟಗಾರ ಲಸಾನಾ ದಿಯಾರಾ ಕೇಸಲ್ಲಿ ಬಂದ ತೀರ್ಪು ಟ್ರಾನ್ಸ್‌ಫರ್ ರೂಲ್‌ಗೆ ಹೊಡೆತ ಕೊಟ್ಟಾಗ ಫಿಫಾ ಕೆಲವೇ ತಿಂಗಳಲ್ಲಿ ತಾತ್ಕಾಲಿಕ ತಿದ್ದುಪಡಿ ತಂತು. ಕೆಲವು ಸಲ ತಿರುಗೇಟು ನೇರವಾಗಿರುತ್ತೆ, 2022ರಲ್ಲಿ ವಿಂಬಲ್ಡನ್ ರಷ್ಯಾ, ಬೆಲಾರೂಸ್ ಆಟಗಾರರನ್ನ ಹೊರಗಿಟ್ಟಾಗ ಟೆನಿಸ್ ಸಂಸ್ಥೆಗಳಾದ ಎಟಿಪಿ, ಡಬ್ಲ್ಯುಟಿಎ ಆ ಟೂರ್ನಿಗೆ ರ‍್ಯಾಂಕಿಂಗ್ ಪಾಯಿಂಟ್ಸೇ ಕೊಡಲಿಲ್ಲ.

ಫೆಡರೇಶನ್‌ಗಳ ದೊಡ್ಡ ಕೋಟೆ ಲೊಸಾನ್‌ನ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ, ಸಿಎಎಸ್. ಜಗಳ ಏನೇ ಇದ್ರೂ ಅಲ್ಲಿಗೇ ಹೋಗ್ಬೇಕು, ಮೇಲ್ಮನವಿ ಸ್ವಿಸ್ ಫೆಡರಲ್ ಕೋರ್ಟಿಗೆ, ಅದೂ ಬಹಳ ಕಿರಿದಾದ ಕಾರಣಗಳಿಗೆ. ಸ್ವಿಟ್ಜರ್ಲೆಂಡ್ ಇಯು ಹೊರಗಿದೆ ಅಂತ ಆಗ್ಲೇ ಹೇಳಿದ್ನಲ್ಲ, ಅದರ ಲಾಭ ಸಂಸ್ಥೆಗಳಿಗೆ ಇಲ್ಲಿ ಸಿಗ್ತಿತ್ತು. 2025ರ ಆಗಸ್ಟ್ 1ಕ್ಕೆ ಬೆಲ್ಜಿಯಂನ ಸೆರೈಂಗ್ ಕ್ಲಬ್ ಕೇಸಲ್ಲಿ ಲಕ್ಸೆಂಬರ್ಗ್ ಕೋರ್ಟು ಈ ಕೋಟೆಗೇ ಕೈ ಹಾಕ್ತು, ಸಿಎಎಸ್ ತೀರ್ಪು ಇಯುನ ಮೂಲಭೂತ ಕಾನೂನಿಗೆ ಹೊಂದುತ್ತಾ ಅಂತ ಇಯು ದೇಶಗಳ ಕೋರ್ಟುಗಳು ಪರಿಶೀಲಿಸೋಕೆ ಅವಕಾಶ ಇರ್ಲೇಬೇಕು ಅಂತ. ನನ್ನ ಲೆಕ್ಕದಲ್ಲಿ ಬೋಸ್ಮನ್ ನಂತರ ಇದೇ ತುಂಬ ದೂರ ಹೋಗೋ ತೀರ್ಪು, ಯಾಕಂದ್ರೆ ಇದು ಯಾವುದೋ ಒಂದು ರೂಲ್ ಬಗ್ಗೆ ಅಲ್ಲ, ಕೊನೇ ಮಾತು ಯಾರದ್ದು ಅನ್ನೋದರ ಬಗ್ಗೆ.

ಈಗ ನೀವೇ ಒಂದು ಸುದ್ದಿ ಹಿಡಿದು ನೋಡಿ

2024ರ ಅಕ್ಟೋಬರ್‌ನಲ್ಲಿ ಆಟಗಾರರ ಯೂನಿಯನ್ ಫಿಫ್‌ಪ್ರೋ ಯೂರೋಪ್ ಮತ್ತೆ ಯೂರೋಪಿಯನ್ ಲೀಗ್ಸ್ ಸೇರಿ ಐರೋಪ್ಯ ಆಯೋಗಕ್ಕೆ ಫಿಫಾ ವಿರುದ್ಧ ದೂರು ಕೊಟ್ವು, ಪಂದ್ಯಗಳ ಕ್ಯಾಲೆಂಡರ್‌ನ ಯಾರನ್ನೂ ಕೇಳದೆ ತುಂಬಿಸ್ತಿದ್ದಾರೆ, 32 ತಂಡಗಳ ಕ್ಲಬ್ ವಿಶ್ವಕಪ್ ಅದಕ್ಕೆ ಸಾಕ್ಷಿ ಅಂತ. ಓಟು ನೋಡಿ, ಫಿಫಾ ಕಾಂಗ್ರೆಸ್‌ನಲ್ಲಿ ಯೂನಿಯನ್‌ಗೂ ಇಲ್ಲ, ಲೀಗ್‌ಗಳಿಗೂ ಇಲ್ಲ, ಹಾಗಾಗಿ ಆ ಬಾಗಿಲು ಮುಚ್ಚಿದೆ. ಕೈಯಲ್ಲಿರೋದು ಸ್ಪರ್ಧಾ ಕಾನೂನು, ಸೂಪರ್ ಲೀಗ್ ಕೇಸಲ್ಲಿ ಬಂದ ವಾದನೇ ಇಲ್ಲೂ ಬರುತ್ತೆ, ರೂಲ್ ಮಾಡೋನೇ ವ್ಯಾಪಾರಿನೂ ಆಗಿದ್ದಾನೆ ಅಂತ. ಮೌಲ್ಯ ಆಟಗಾರರ ಆರೋಗ್ಯ, ಇದು ನಿಜವಾದ ಸಮಸ್ಯೆ, ವರ್ಷಪೂರ್ತಿ ವಿರಾಮ ಇಲ್ಲದೆ ಆಡೋರ ಮೊಣಕಾಲು ಹೋದ್ರೆ ಮತ್ತೆ ಹಾಗೇ ಬರಲ್ಲ. ಆದ್ರೆ ಲೀಗ್‌ಗಳಿಗೆ ತಮ್ಮ ಟಿವಿ ಪಾಲು ಕಮ್ಮಿ ಆಗುತ್ತೆ ಅನ್ನೋ ಚಿಂತೆನೂ ಇದೆ, ಅದನ್ನ ಬೇರೆ ಮಾಡಿ ನೋಡಿ. ಯೂರೋಪಿನ ಕ್ಲಬ್ ಟೂರ್ನಿಗಳೂ ದೊಡ್ಡದಾಗಿವೆ, 2024ರಿಂದ ಚಾಂಪಿಯನ್ಸ್ ಲೀಗ್‌ಗೆ 36 ತಂಡ, ಆ ಬಗ್ಗೆ ದೂರುದಾರರು ಏನಂತಾರೆ ಅಂತನೂ ಹುಡುಕಿ. ಆಮೇಲೆ ಆಯೋಗ ಔಪಚಾರಿಕ ತನಿಖೆ ಶುರು ಮಾಡುತ್ತಾ, ಇಲ್ಲಾ ಎರಡೂ ಕಡೆಯವರನ್ನ ಕೂರಿಸಿ 2001ರ ಥರ ರಾಜಿ ಮಾಡಿಸುತ್ತಾ ಅನ್ನೋದನ್ನ ಗಮನಿಸಿ, ರಾಜಿ ಆದ್ರೆ ಆ ಒಪ್ಪಂದದಲ್ಲಿ ಕಡ್ಡಾಯ ವಿಶ್ರಾಂತಿ ವಾರಗಳು ಬರೆದಿದ್ದಾರಾ, ಕ್ಯಾಲೆಂಡರ್ ತೀರ್ಮಾನ ಮಾಡುವಾಗ ಆಟಗಾರರಿಗೆ ಓಟು ಕೊಟ್ಟಿದ್ದಾರಾ ಅಂತ ಎರಡು ವಿಷಯ ಮೊದಲು ಹುಡುಕಿ ಓದಿ.